ನ್ಯೂಯಾರ್ಕಿನಲ್ಲೊಂದು ಇಂಗ್ಲಿಷ್ ದಿನಸಿ ಅಂಗಡಿ

ಉತ್ತರ ಅಮೆರಿಕದ ಹೊಲಗಳಲ್ಲಿ ಬೆಳೆದ ಬಿಳಿ ಬೀನ್ಸ್ ಕಾಳು ಒಣಗಿ, ಚೀಲ ಸೇರಿ, ಅಟ್ಲಾಂಟಿಕ್ ಸಾಗರ ದಾಟಿ ಇಂಗ್ಲೆಂಡಿಗೆ ಹೋಗುತ್ತದೆ. ಅಲ್ಲಿ ವಿಗನ್ ಊರಿನ ಕಿಟ್ ಗ್ರೀನ್‌ನಲ್ಲಿ 1959ರಿಂದ ನಡೆಯುತ್ತಿರುವ ಹೈನ್ಜ್ ಕಾರ್ಖಾನೆಯಲ್ಲಿ ಟೊಮೆಟೊ ರಸದ ಜೊತೆ ಡಬ್ಬಿಯೊಳಗೆ ಬೇಯುತ್ತದೆ. ನೀಲಿಯೋ ಹಸಿರೋ ಎಂದು ಹೇಳಲಾಗದ ಬಣ್ಣದ ಚೀಟಿ ಸುತ್ತಿದ ಆ ಡಬ್ಬಿಗಳಲ್ಲಿ ಒಂದಷ್ಟು ಮತ್ತೆ ಹಡಗು ಹತ್ತಿ, ಬಂದ ಸಾಗರವನ್ನೇ ಹಿಂದಕ್ಕೆ ದಾಟಿ, ನ್ಯೂಯಾರ್ಕಿನ ಅಂಗಡಿಯ ಕಪಾಟು ಸೇರುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರು ಬ್ರಿಟನ್ನಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದವರು. ಹೈನ್ಜ್ ಅಮೆರಿಕದ ಪಿಟ್ಸ್‌ಬರ್ಗಿನ ಕಂಪನಿ. ಅದರ ಬೀನ್ಸ್ ಡಬ್ಬಿ ಅಮೆರಿಕದಲ್ಲೂ ಉಂಟು, ಆದರೆ ಸಿಹಿ ಜಾಸ್ತಿ. ಬೆಳಗಿನ ಹೊತ್ತು ಸುಟ್ಟ ಬ್ರೆಡ್ಡಿನ ಮೇಲೆ ಬಿಸಿ ಬೀನ್ಸ್ ಸುರಿದುಕೊಂಡು ತಿಂದು ಬೆಳೆದವರಿಗೆ ವಿಗನ್ನಿನ ಡಬ್ಬಿಯೇ ಆಗಬೇಕು.

ಹೆನ್ರಿ ಹೈನ್ಜ್ 1886ರಲ್ಲಿ ಲಂಡನ್ನಿಗೆ ಹೋಗಿ, ಪಿಕಡಿಲಿಯಲ್ಲಿರುವ ಫೋರ್ಟ್ನಮ್ ಅಂಡ್ ಮೇಸನ್ ಎಂಬ ಸಿರಿವಂತರ ಅಂಗಡಿಗೆ ತನ್ನ ಸರಕನ್ನು ಮಾರಿ ಬಂದ. ಆಗ ಅದು ಬ್ರಿಟನ್ನಿನವರ ಕಣ್ಣಿಗೆ ದುಬಾರಿ ವಿದೇಶಿ ತಿನಿಸು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅದೇ ಬೀನ್ಸ್ ಕೂಲಿಕಾರರ ಮನೆಯ ಬೆಳಗಿನ ತಿಂಡಿಯಾಯಿತು, ಶಾಲೆಯ ಮಕ್ಕಳ ಊಟವಾಯಿತು. ಈಗ ಅದನ್ನು ಅಮೆರಿಕದ್ದು ಎಂದರೆ ಇಂಗ್ಲೆಂಡಿನಲ್ಲಿ ನಂಬುವವರು ಕಡಿಮೆ.

ನ್ಯೂಯಾರ್ಕಿನಲ್ಲಿ ಬ್ರಿಟಿಷ್ ದಿನಸಿಯ ಕಪಾಟು ಹೇಗೆ ಹುಟ್ಟಿತು ಎಂದು ಹಿಂದಕ್ಕೆ ಹೋದರೆ ಇಂಥ ದಾರಿಗಳೇ ಸಿಗುತ್ತವೆ. ಒಂದೊಂದು ಡಬ್ಬಿಯ ಹಿಂದೆಯೂ ಊರು ಬಿಟ್ಟು ಬಂದ ಯಾರದೋ ಬಾಯಿರುಚಿ ಇದೆ. ಆ ರುಚಿಯಲ್ಲಿ ಯಾವುದು ಗಡಿ ದಾಟಬಹುದು, ಯಾವುದು ದಾಟಬಾರದು ಎಂದು ತೀರ್ಮಾನಿಸಿದ್ದು ಸರ್ಕಾರದ ಕಾನೂನು ಮತ್ತು ಕಂಪನಿಗಳ ನಡುವಿನ ಕರಾರು. ಉಳಿದ ಜಾಗವನ್ನು ತುಂಬಿದ್ದು ಒಬ್ಬಿಬ್ಬರು ಹಟವಾದಿ ಅಂಗಡಿಕಾರರ ಕೈಕೆಲಸ. ನನಗೆ ಈ ಅಂಗಡಿಕಾರರ ಮೇಲೆಯೇ ಹೆಚ್ಚು ಪ್ರೀತಿ.

ಹಡ್ಸನ್ ರಸ್ತೆ, 634

ಮ್ಯಾನ್‌ಹಟನ್ನಿನ ಗ್ರೀನಿಚ್ ವಿಲೇಜ್ ಬಡಾವಣೆಯ ಹಡ್ಸನ್ ರಸ್ತೆಯಲ್ಲಿ 634ನೇ ಸಂಖ್ಯೆಯ ಕಟ್ಟಡದ ನೆಲಮಟ್ಟದಲ್ಲಿ ‘ಮೈಯರ್ಸ್ ಆಫ್ ಕೆಸ್ವಿಕ್’ ಇದೆ. ಪೀಟರ್ ಮೈಯರ್ಸ್ 1985ರಲ್ಲಿ ಇದನ್ನು ತೆರೆದರು. ಕೆಸ್ವಿಕ್ ಎಂಬುದು ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಕೆರೆ ಬೆಟ್ಟಗಳ ನಡುವಿನ ಕಂಬ್ರಿಯ ಸೀಮೆಯ ಪುಟ್ಟ ಪೇಟೆ. ಮೈಯರ್ಸ್ ಮನೆತನ ಅಲ್ಲಿ ಮಾಂಸದಂಗಡಿ ನಡೆಸಿತ್ತು. ಮಗ ಸಾಗರ ದಾಟಿ ಬಂದು, ಮನೆತನದ ಕಸುಬನ್ನೇ ಊರಿನ ಹೆಸರಿನ ಸಮೇತ ನ್ಯೂಯಾರ್ಕಿನಲ್ಲಿ ಹೂಡಿದ. ಮುಂದೆ ಮಗಳು ಅಂಗಡಿಯ ಹೊಣೆ ಹೊತ್ತಳು.

ಬ್ರಿಟನ್ನಿನಲ್ಲಿ ಬೆಳೆದವರು ಒಳಗೆ ಕಾಲಿಟ್ಟರೆ ಗುರುತಿನ ಮುಖಗಳೇ ಎದುರಾಗುತ್ತವೆ: ಬೀನ್ಸ್ ಡಬ್ಬಿ, ಮಾರ್ಮೈಟ್‌ನ ಗುಂಡು ಸೀಸೆ, ಬ್ರಾನ್ಸ್ಟನ್ ಪಿಕಲ್, ಬರ್ಡ್ಸ್ ಕಸ್ಟರ್ಡ್ ಪುಡಿ, ಮಕ್‌ವಿಟೀಸ್ ಬಿಸ್ಕತ್ತು, ಚಹಾ ಪುಡಿಯ ಪೊಟ್ಟಣ, ಲೈಲ್ಸ್ ಗೋಲ್ಡನ್ ಸಿರಪ್‌ನ ಹಸಿರು–ಚಿನ್ನದ ಡಬ್ಬಿ. ಈ ಸಿರಪ್ ಡಬ್ಬಿಯ ಮೇಲಿನ ಚಿತ್ರ, ಸತ್ತ ಸಿಂಹವೂ ಅದರ ಸುತ್ತಲಿನ ಜೇನ್ನೊಣಗಳೂ, 1880ರ ದಶಕದಿಂದ ಇದ್ದದ್ದು. ಇವೆಲ್ಲ ಹಡಗಿನಲ್ಲಿ ಬರುವ ಸರಕು. ಆದರೆ ಅಂಗಡಿಗೆ ಹೆಸರು ತಂದುಕೊಟ್ಟದ್ದು ಹಡಗಿನಲ್ಲಿ ಬಾರದ ಸರಕು: ಪೋರ್ಕ್ ಪೈ ಮತ್ತು ಕಂಬರ್ಲೆಂಡ್ ಸಾಸೇಜ್. ಇವು ಅಲ್ಲಿಯೇ ತಯಾರಾಗುತ್ತವೆ.

ಅಲ್ಲಿಯೇ ಮಾಡಲೇಬೇಕು. ಹೊರದೇಶದ ಮಾಂಸದ ವಿಷಯದಲ್ಲಿ ಅಮೆರಿಕದ ಕೃಷಿ ಇಲಾಖೆ ಬಹಳ ಬಿಗಿ. ಇಲಾಖೆ ಒಪ್ಪಿದ ಕಾರ್ಖಾನೆಯಿಂದ ಬಾರದ ಮಾಂಸಕ್ಕೆ ಒಳಗೆ ಪ್ರವೇಶವಿಲ್ಲ. ಪ್ರಯಾಣಿಕರ ಪೆಟ್ಟಿಗೆಯಲ್ಲಿ ಸಿಕ್ಕಿದ ಸಾಸೇಜು ವಿಮಾನ ನಿಲ್ದಾಣದಲ್ಲಿಯೇ ಜಪ್ತಿ. ಪೋರ್ಕ್ ಪೈ ಮಾಡುವುದಕ್ಕೆ ಪಳಗಿದ ಕೈ ಬೇಕು. ಬಿಸಿನೀರಿನಲ್ಲಿ ಹಂದಿಕೊಬ್ಬು ಕರಗಿಸಿ, ಅದರಲ್ಲಿ ಹಿಟ್ಟು ನಾದಿ, ಬೆಚ್ಚಗಿರುವಾಗಲೇ ಬಟ್ಟಲಿನ ಆಕಾರಕ್ಕೆ ಎತ್ತಬೇಕು. ಕೊಚ್ಚಿದ ಮಾಂಸ ತುಂಬಿ, ಮೇಲೆ ಮುಚ್ಚಳ ಹಾಕಿ, ನಡುವೆ ಒಂದು ತೂತು ಬಿಟ್ಟು ಬೇಯಿಸಬೇಕು. ಬೆಂದು ಆರುವಾಗ ಮಾಂಸ ಕುಗ್ಗಿ ಒಳಗೆ ಸಂದು ಬೀಳುತ್ತದೆ. ಎಲುಬಿನ ಸಾರನ್ನು ಆ ತೂತಿನಲ್ಲಿ ಹುಯ್ದರೆ ಅದು ತಣ್ಣಗಾಗಿ ಜೆಲ್ಲಿಯಂತೆ ಗಟ್ಟಿಯಾಗಿ ಸಂದು ತುಂಬುತ್ತದೆ. ಗಾಳಿ ತಾಗದೆ ಪೈ ನಾಲ್ಕು ದಿನ ಕೆಡದೆ ಉಳಿಯುತ್ತದೆ. ಫ್ರಿಜ್ ಇಲ್ಲದ ಕಾಲದ ಜಾಣತನ ಇದು. ಇಂಥದ್ದನ್ನು ಬಲ್ಲ ಕೈ ಒಂದು ಊರಿಗೆ ಬಂದು ನಿಂತರೆ ಮಾತ್ರ ಆ ಊರಿನಲ್ಲಿ ಪೈ ಸಿಗುತ್ತದೆ.

ಈ ಅಂಗಡಿಯನ್ನು ಲೋಕಕ್ಕೆ ಪರಿಚಯಿಸಿದ್ದು ಪೈಗಿಂತ ಹೆಚ್ಚಾಗಿ ಒಂದು ಬೆಕ್ಕು. ಇಲಿ ಹಿಡಿಯಲೆಂದು ಸಾಕಿದ್ದ ಮಾಲಿ ಎಂಬ ಕಪ್ಪು ಬೆಕ್ಕು 2006ರ ಏಪ್ರಿಲ್‌ನಲ್ಲಿ ಹಳೆಯ ಕಟ್ಟಡದ ಗೋಡೆಯ ಸಂದಿನಲ್ಲಿ ಸಿಕ್ಕಿಬಿತ್ತು. ಸುಮಾರು ಎರಡು ವಾರ ಗೋಡೆಯೊಳಗಿಂದ ಅದರ ಮಿಯಾಂವ್ ಕೇಳುತ್ತಿತ್ತು, ಬೆಕ್ಕು ಮಾತ್ರ ಸಿಗಲೊಲ್ಲದು. ಕಟ್ಟಡ ಹಳೆಯ ಕಾಲದ್ದಾದ್ದರಿಂದ ಗೋಡೆ ಮನಬಂದಂತೆ ಒಡೆಯುವಂತಿಲ್ಲ. ಟಿವಿಯವರು ಬಂದರು, ಪ್ರಾಣಿ ರಕ್ಷಕರು ಬಂದರು, ಜನ ಜಮಾಯಿಸಿದರು. ಕೊನೆಗೆ ಇಟ್ಟಿಗೆ ತೆಗೆದು ಅದನ್ನು ಜೀವಂತವಾಗಿ ಹೊರತಂದಾಗ ಇಡೀ ನಗರ ಖುಷಿಪಟ್ಟಿತು.

ಮೈಯರ್ಸ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಗ್ರೀನಿಚ್ ಅವೆನ್ಯೂದಲ್ಲಿ, ನಿಕಿ ಪೆರಿ ಎಂಬ ಲಂಡನ್ನಿನ ಹೆಣ್ಣುಮಗಳು 1990ರಲ್ಲಿ ‘ಟೀ ಅಂಡ್ ಸಿಂಪಥಿ’ ಎಂಬ ಚಹಾದಂಗಡಿ ತೆರೆದರು. ಪಕ್ಕದಲ್ಲಿಯೇ ಬ್ರಿಟಿಷ್ ದಿನಸಿ ಅಂಗಡಿಯೂ, ಮೀನು–ಚಿಪ್ಸ್ ಅಂಗಡಿಯೂ ಎದ್ದವು. ಚೀನೀಯರಿಗೆ ಚೈನಾಟೌನ್, ಇಟಲಿಯವರಿಗೆ ಲಿಟ್ಲ್ ಇಟಲಿ ಇರುವಾಗ ನಮಗೇಕೆ ಲಿಟ್ಲ್ ಬ್ರಿಟನ್ ಇರಬಾರದು ಎಂದು 2007ರಲ್ಲಿ ಈ ಬೀದಿಯಿಂದ ಒಂದು ಚಳವಳಿಯೂ ಹೊರಟಿತು. ಅಧಿಕೃತ ಮನ್ನಣೆ ಸಿಗಲಿಲ್ಲ. ಅಂಗಡಿಗಳು ಮಾತ್ರ ಉಳಿದವು.

ಹುಣಸೆ ರಸದ ಸೀಸೆ, ಗಣಿಯವರ ಕಡುಬು

ಇಂಗ್ಲೆಂಡಿನ ಸರಕು ನ್ಯೂಯಾರ್ಕಿಗೆ ಬರುವುದು ಈ ಅಂಗಡಿಕಾರರಿಂದ ಶುರುವಾಗಲಿಲ್ಲ. ಅಮೆರಿಕದ ಸ್ವಾತಂತ್ರ್ಯಕ್ಕೆ ಮುಂಚೆ ಈ ಊರಿನ ಅಂಗಡಿಗಳಲ್ಲಿ ಚಹಾದಿಂದ ಹಿಡಿದು ಚಾಕುವಿನ ತನಕ ಬ್ರಿಟಿಷ್ ಹಡಗಿನಲ್ಲಿ ಬಂದ ಸಾಮಾನು ತುಂಬಿತ್ತು. ಸ್ವಾತಂತ್ರ್ಯದ ನಂತರವೂ ವ್ಯಾಪಾರ ನಿಲ್ಲಲಿಲ್ಲ. 1839ರಲ್ಲಿ ಜಾನ್ ಡಂಕನ್ ಎಂಬ ನ್ಯೂಯಾರ್ಕಿನ ವ್ಯಾಪಾರಿ ವೂಸ್ಟರ್ ಪಟ್ಟಣದ ಲೀ ಮತ್ತು ಪೆರಿನ್ಸ್ ಎಂಬ ಔಷಧಿ ವ್ಯಾಪಾರಿಗಳು ಮಾಡಿದ ಕಪ್ಪು ಸಾಸನ್ನು ತರಿಸಲು ತೊಡಗಿದ. ಇಂಗ್ಲೆಂಡಿನಲ್ಲಿ ಅದು ಮಾರುಕಟ್ಟೆಗೆ ಬಂದು ಆಗಿನ್ನೂ ಒಂದೆರಡು ವರ್ಷ. ಹಡಗಿನ ಕುಲುಕಾಟಕ್ಕೆ ಒಡೆಯದಿರಲೆಂದು ಸೀಸೆಗೆ ಕಾಗದ ಸುತ್ತಿ ಕಳಿಸುತ್ತಿದ್ದರು. ಅಮೆರಿಕದಲ್ಲಿ ಮಾರುವ ಸೀಸೆಗೆ ಈಗಲೂ ಆ ಕಾಗದದ ಹೊದಿಕೆ ಇದೆ.

ಆ ಸಾಸಿನಲ್ಲಿ ವಿನಿಗರ್, ಕಾಕಂಬಿ, ಉಪ್ಪಿನಲ್ಲಿಟ್ಟ ಪುಟ್ಟ ಮೀನು, ಈರುಳ್ಳಿ, ಬೆಳ್ಳುಳ್ಳಿಯ ಜೊತೆಗೆ ಹುಣಸೆಹಣ್ಣು ಇದೆ. ಬ್ರಿಟಿಷರು ತಮ್ಮದೆಂದು ಎದೆಗಪ್ಪಿಕೊಳ್ಳುವ ಎಚ್‌ಪಿ ಸಾಸಿನಲ್ಲಿಯೂ ಹುಣಸೆ ಇದೆ, ಖರ್ಜೂರ ಇದೆ. ನಾಟಿಂಗ್‌ಹ್ಯಾಮಿನ ಗಾರ್ಟನ್ ಎಂಬ ದಿನಸಿ ವ್ಯಾಪಾರಿ 1895ರಲ್ಲಿ ಅದರ ಹೆಸರನ್ನು ನೋಂದಾಯಿಸಿದ. ಚೀಟಿಯ ಮೇಲೆ ಲಂಡನ್ನಿನ ಪಾರ್ಲಿಮೆಂಟ್ ಭವನದ ಚಿತ್ರ. ಹೈನ್ಜ್ ಕಂಪನಿ 2005ರಲ್ಲಿ ಅದನ್ನು ಕೊಂಡು, 2007ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಮುಚ್ಚಿ ತಯಾರಿಕೆಯನ್ನು ನೆದರ್ಲೆಂಡ್ಸ್‌ಗೆ ಒಯ್ದಿತು. ಬ್ರಿಟನ್ನಿನಲ್ಲಿ ಆಗ ಎದ್ದ ಸಿಟ್ಟು ಕಡಿಮೆಯದಲ್ಲ, ಆ ಕಾರ್ಖಾನೆಯಲ್ಲಿ ದುಡಿದವರ ಪಾಲಿಗಂತೂ ಅದು ಅನ್ನ ಕಳೆದುಕೊಂಡ ನೋವು.

ವ್ಯಾಪಾರಿಗಳು ಸೀಸೆ ತಂದರು. ಕೂಲಿಕಾರರು ಅಡುಗೆಯನ್ನು ತಂದರು. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಹತ್ತಿ ಗಿರಣಿಗಳ ಊರು. ಲ್ಯಾಂಕಶೈರ್‌ನ ನೇಕಾರರು ಹಿಂಡು ಹಿಂಡಾಗಿ ಅಲ್ಲಿಗೆ ಬಂದರು. ಅವರಿಗಾಗಿ 1900ರಲ್ಲಿ ಹುಟ್ಟಿದ ಹಾರ್ಟ್ಲೀಸ್ ಪೋರ್ಕ್ ಪೈ ಅಂಗಡಿ ಗಿರಣಿಗಳೆಲ್ಲ ಮುಚ್ಚಿದ ಮೇಲೂ ನಡೆಯಿತು. ನ್ಯೂಯಾರ್ಕಿನಿಂದ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಕರ್ನಿ ಎಂಬ ಊರು ಸಿಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿಯ ಕ್ಲಾರ್ಕ್ ನೂಲಿನ ಕಂಪನಿ, ಕರ್ಕಾಡಿಯ ನೇರ್ನ್ ಲಿನೋಲಿಯಂ ಕಂಪನಿ ಅಲ್ಲಿ ಕಾರ್ಖಾನೆ ಹಾಕಿ, ತಮ್ಮ ಊರಿನ ಕೆಲಸಗಾರರನ್ನೂ ಕರೆತಂದವು. ಅವರ ಹಿಂದೆಯೇ ಸ್ಕಾಟಿಷ್ ಮಾಂಸದಂಗಡಿ ಬಂತು, ಮಟನ್ ಪೈ ಬಂತು, ಚೌಕಾಕಾರದ ಸಾಸೇಜು ಬಂತು. ಕಾಲ್ಚೆಂಡೂ ಬಂತು: 1990ರ ವಿಶ್ವಕಪ್ಪಿನಲ್ಲಿ ಅಮೆರಿಕದ ಪರ ಆಡಿದ ಟೋನಿ ಮಿಯೋಲಾ, ಜಾನ್ ಹಾರ್ಕ್ಸ್, ಟ್ಯಾಬ್ ರಾಮೋಸ್ ಮೂವರೂ ಈ ಊರಿನ ಮೈದಾನಗಳಲ್ಲಿ ಬೆಳೆದವರು.

ಇನ್ನೊಂದು ದಾರಿ ನೇರವಾಗಿ ನಮ್ಮ ನೆಲಕ್ಕೂ ಬರುತ್ತದೆ. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳು 1860ರ ದಶಕದಿಂದ ಸೊರಗುತ್ತ ಬಂದಾಗ ಅಲ್ಲಿಯ ಗಣಿ ಕೆಲಸಗಾರರು ಲೋಕವೆಲ್ಲ ಚೆದುರಿದರು. ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿ, ಮಿಷಿಗನ್ನಿನ ತಾಮ್ರದ ಸೀಮೆ, ಮೊಂಟಾನದ ಬ್ಯೂಟ್ ಎಲ್ಲೆಲ್ಲೂ ಅವರು ಹೋದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದಾಗ ಇಲ್ಲಿಗೂ ಬಂದರು. ಕೆಜಿಎಫ್‌ನ ಬಂಗಲೆ, ಕ್ಲಬ್ಬು, ಚರ್ಚು ನೋಡಿ ಅದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದದ್ದು ಅದಕ್ಕೇ. ಅಮೆರಿಕದ ಆ ಗಣಿ ಊರುಗಳಲ್ಲಿ ಕಾರ್ನಿಷ್ ಪೇಸ್ಟಿ ಇವತ್ತಿಗೂ ಮಾರಾಟಕ್ಕಿದೆ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಗೆಡ್ಡೆ ಹೆಚ್ಚಿ ತುಂಬಿ, ಅಂಚನ್ನು ನಮ್ಮ ಕರ್ಜಿಕಾಯಿಯ ಹಾಗೆ ಮಡಿಸಿ ಒತ್ತಿ ಬೇಯಿಸಿದ ಕಡುಬು ಅದು. ಭೂಮಿಯೊಳಗೆ ಇಳಿಯುವವನು ಕೈಯಲ್ಲಿ ಹಿಡಿದು ತಿನ್ನಬಹುದಾದ ಊಟ. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದ ಕನ್ನಡ, ತಮಿಳು, ತೆಲುಗು ಕೂಲಿಕಾರರ ಬುತ್ತಿಯಲ್ಲಿ ಏನಿರುತ್ತಿತ್ತು ಎಂಬುದನ್ನು ಇಷ್ಟೇ ಆಸ್ಥೆಯಿಂದ ಯಾರಾದರೂ ಬರೆದಿಡಬೇಕು ಎನ್ನುವುದು ನನ್ನ ಆಸೆ.

ಗಡಿಯಲ್ಲಿ ನಿಂತದ್ದು

ಬ್ರಿಟಿಷ್ ಕಪಾಟಿನಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಕುತೂಹಲದ ಸಂಗತಿ. ಸ್ಕಾಟ್ಲೆಂಡಿನ ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಯಕೃತ್ತು, ಶ್ವಾಸಕೋಶವನ್ನು ಕೊಚ್ಚಿ, ಓಟ್ಸ್ ಬೆರೆಸಿ, ಜಠರದ ಚೀಲದಲ್ಲಿ ತುಂಬಿ ಬೇಯಿಸಿದ್ದು. ಪ್ರಾಣಿಯ ಶ್ವಾಸಕೋಶವನ್ನು ಮನುಷ್ಯರ ಆಹಾರವಾಗಿ ಬಳಸುವುದನ್ನು ಅಮೆರಿಕ 1971ರಲ್ಲಿ ನಿಷೇಧಿಸಿತು. ಅಂದಿನಿಂದ ಸ್ಕಾಟ್ಲೆಂಡಿನ ಅಸಲಿ ಹ್ಯಾಗಿಸ್ ಒಳಗೆ ಬರುವಂತಿಲ್ಲ. ಜನವರಿ 25ರಂದು ಕವಿ ರಾಬರ್ಟ್ ಬರ್ನ್ಸ್ ಹುಟ್ಟುಹಬ್ಬದ ಊಟಕ್ಕೆ ಅಮೆರಿಕದ ಸ್ಕಾಟರು ಶ್ವಾಸಕೋಶವಿಲ್ಲದ, ಅಲ್ಲಿಯೇ ಮಾಡಿದ ಹ್ಯಾಗಿಸ್ ತರಿಸಿಕೊಳ್ಳುತ್ತಾರೆ. ಬ್ರಿಟನ್ನಿನ ದನಗಳಿಗೆ ಹುಚ್ಚು ಹಸು ರೋಗ ಬಂದಾಗ ಅಲ್ಲಿಯ ದನದ ಮಾಂಸಕ್ಕೂ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2020ರಲ್ಲಿ. ಕ್ರಿಸ್‌ಮಸ್ ಕಡುಬಿಗೆ ಬೇಕಾದ ಅಟೋರ ಎಂಬ ದನದ ಕೊಬ್ಬಿನ ಪುಡಿ ಸಿಗದೆ, ಅದೇ ಹೆಸರಿನ ಸಸ್ಯದ ಕೊಬ್ಬಿನಲ್ಲೇ ಹಬ್ಬ ನಡೆಯಿತು.

ಬ್ಲ್ಯಾಕ್‌ಕರಂಟ್ ಎಂಬ ಪುಟ್ಟ ಕಪ್ಪು ಹಣ್ಣಿನ ಕತೆ ಇನ್ನೂ ವಿಚಿತ್ರ. ಬ್ರಿಟನ್ನಿನ ಮಕ್ಕಳಿಗೆ ನೇರಳೆ ಬಣ್ಣದ ಮಿಠಾಯಿ ಎಂದರೆ ಅದು ಬ್ಲ್ಯಾಕ್‌ಕರಂಟ್. ಅಮೆರಿಕದ ಮಕ್ಕಳಿಗೆ ದ್ರಾಕ್ಷಿ. ಕಾರಣ ಒಂದು ಮರದ ರೋಗ. ಅಮೆರಿಕದ ಬಿಳಿ ಪೈನ್ ಮರಗಳಿಗೆ ತಗಲುವ ಬ್ಲಿಸ್ಟರ್ ರಸ್ಟ್ ಎಂಬ ಬೂಷ್ಟು ತನ್ನ ಬಾಳಿನ ಒಂದು ಘಟ್ಟವನ್ನು ಕರಂಟ್ ಗಿಡದ ಮೇಲೆ ಕಳೆಯುತ್ತದೆ. ಮರದ ವ್ಯಾಪಾರ ಉಳಿಸಲು 20ನೇ ಶತಮಾನದ ಆರಂಭದಲ್ಲಿ ಆ ಗಿಡ ಬೆಳೆಸುವುದನ್ನೇ ನಿಷೇಧಿಸಿದರು. ಒಕ್ಕೂಟ ಸರ್ಕಾರ 1966ರಲ್ಲಿ ನಿಷೇಧವನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ನ್ಯೂಯಾರ್ಕ್ ರಾಜ್ಯ ಅದನ್ನು ಸಡಿಲಿಸಿದ್ದು 2003ರಲ್ಲಿ, ಗ್ರೆಗ್ ಕ್ವಿನ್ ಎಂಬ ರೈತ ಹಟ ಹಿಡಿದು ಹೋರಾಡಿದ ಮೇಲೆ. ಅಷ್ಟರಲ್ಲಿ ಹಲವು ತಲೆಮಾರಿನ ಅಮೆರಿಕನ್ನರು ಆ ಹಣ್ಣಿನ ರುಚಿಯನ್ನೇ ಅರಿಯದೆ ಬದುಕಿದ್ದರು. ಅತ್ತ ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಕಿತ್ತಳೆ ಸಿಗದಾದಾಗ, ಸಿ ಜೀವಸತ್ವಕ್ಕೆಂದು ಸರ್ಕಾರವೇ ಮಕ್ಕಳಿಗೆ ಬ್ಲ್ಯಾಕ್‌ಕರಂಟ್ ಪಾನಕ ಹಂಚಿತ್ತು. 1938ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ರೈಬೀನ ಮನೆಮಾತಾದದ್ದು ಹಾಗೆ. ನ್ಯೂಯಾರ್ಕಿನ ಬ್ರಿಟಿಷ್ ಅಂಗಡಿಗಳಲ್ಲಿ ಅದರ ಸೀಸೆ ಗಿರಾಕಿ ಸೆಳೆಯುವ ಖಾಯಂ ಸರಕು.

ಒಳಗೆ ಬರಬಹುದಾದ ಸರಕಿಗೂ ದಾರಿ ಸಲೀಸಲ್ಲ. 2002ರ ಕಾನೂನಿನ ಪ್ರಕಾರ ಆಹಾರದ ಪ್ರತಿ ಸಾಗಣೆಯ ಬಗ್ಗೆ ಮುಂಚಿತವಾಗಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ತಿಳಿಸಬೇಕು. 2011ರ ಆಹಾರ ಸುರಕ್ಷತಾ ಕಾನೂನು, ತಯಾರಕರು ನಿಯಮ ಪಾಲಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಆಮದುದಾರರ ತಲೆಗೆ ಕಟ್ಟಿತು. ಪೌಷ್ಟಿಕಾಂಶದ ವಿವರ ಅಮೆರಿಕದ ಮಾದರಿಯಲ್ಲಿಯೇ ಇರಬೇಕಾದ್ದರಿಂದ ಬ್ರಿಟಿಷ್ ಪೊಟ್ಟಣದ ಬೆನ್ನಿಗೆ ಬಿಳಿ ಚೀಟಿ ಮೆತ್ತುತ್ತಾರೆ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲದ ಖರ್ಚು. ಹತ್ತು ಪೆಟ್ಟಿಗೆ ಬಿಸ್ಕತ್ತು ತರಿಸುವ ಚಿಕ್ಕ ಅಂಗಡಿಗೆ ಅದೇ ದೊಡ್ಡ ಹೊರೆ.

ಚಾಕೊಲೇಟಿನ ಜಗಳ

ಕಾನೂನಿಗಿಂತಲೂ ಹೆಚ್ಚು ನೋವು ಕೊಟ್ಟದ್ದು ಒಂದು ಕರಾರು. ಅಮೆರಿಕದಲ್ಲಿ ಕ್ಯಾಡ್ಬರಿ ಚಾಕೊಲೇಟ್ ಮಾಡಿ ಮಾರುವ ಹಕ್ಕನ್ನು ಹರ್ಷೀ ಕಂಪನಿ 1988ರಲ್ಲಿ ಪಡೆಯಿತು. ಅಮೆರಿಕದ ಅಂಗಡಿಯಲ್ಲಿ ನೇರಳೆ ಹೊದಿಕೆಯ ಕ್ಯಾಡ್ಬರಿ ಸಿಕ್ಕರೆ ಅದು ಹರ್ಷೀ ಮಾಡಿದ್ದು. ಹೊದಿಕೆ ಬಿಚ್ಚಿ ಹಿಂಬದಿ ಓದಿದವರಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಬ್ರಿಟನ್ನಿನ ಡೈರಿ ಮಿಲ್ಕ್‌ನ ಪಟ್ಟಿಯಲ್ಲಿ ಮೊದಲಿಗೆ ಹಾಲು. ಅಮೆರಿಕದ್ದರಲ್ಲಿ ಮೊದಲಿಗೆ ಸಕ್ಕರೆ. ಬ್ರಿಟನ್ ಚಾಕೊಲೇಟಿನಲ್ಲಿ 5%ವರೆಗೆ ಇತರ ಸಸ್ಯದ ಕೊಬ್ಬಿಗೆ ಅವಕಾಶ ಕೊಡುತ್ತದೆ. ಅಮೆರಿಕದ ಕಾನೂನು ಹಾಗೆ ಬೆರೆಸಿದ್ದನ್ನು ಹಾಲಿನ ಚಾಕೊಲೇಟ್ ಎಂದು ಕರೆಯಲು ಬಿಡುವುದಿಲ್ಲ. ಯಾವುದು ಮೇಲು ಎಂಬುದು ಆಮೇಲಿನ ಮಾತು, ಎರಡೂ ಬೇರೆ ತಿನಿಸು ಎಂಬುದಂತೂ ದಿಟ. ಹಾಗಾಗಿ ಇಂಗ್ಲಿಷ್ ಅಂಗಡಿಗಳವರು ಬ್ರಿಟನ್ನಿನದ್ದನ್ನೇ ತರಿಸುತ್ತಿದ್ದರು.

2014ರಲ್ಲಿ ಹರ್ಷೀ ಕಂಪನಿ ನ್ಯೂಜೆರ್ಸಿಯ ‘ಲೆಟ್ಸ್ ಬೈ ಬ್ರಿಟಿಷ್ ಇಂಪೋರ್ಟ್ಸ್’ ಎಂಬ ಆಮದು ಸಂಸ್ಥೆಯ ಮೇಲೆ ದಾವೆ ಹೂಡಿತು. ಕ್ಯಾಡ್ಬರಿ ಹೆಸರಿನ ಹಕ್ಕು ತನ್ನದು ಎಂಬುದು ಒಂದು ತಕರಾರು. ಕಿಟ್‌ಕ್ಯಾಟ್‌ನ ಹಕ್ಕೂ ಅಮೆರಿಕದಲ್ಲಿ ಅದರದ್ದೇ. 1935ರಲ್ಲಿ ಇಂಗ್ಲೆಂಡಿನ ಯಾರ್ಕ್‌ನ ರೌಂಟ್ರಿ ಕಂಪನಿ ಮಾಡಿದ ಆ ತಿನಿಸನ್ನು 1970ರಿಂದ ಅಮೆರಿಕದಲ್ಲಿ ಹರ್ಷೀ ಮಾಡುತ್ತಿದೆ. ಟಾಫಿ ಕ್ರಿಸ್ಪ್ ಎಂಬ ಬ್ರಿಟಿಷ್ ತಿನಿಸಿನ ಹೊದಿಕೆ ತನ್ನ ರೀಸಸ್ ಮಿಠಾಯಿಯ ಹೊದಿಕೆಯನ್ನು ಹೋಲುತ್ತದೆ, ಯಾರ್ಕಿ ಎಂಬ ಬ್ರಿಟಿಷ್ ಚಾಕೊಲೇಟಿನ ಹೆಸರು ತನ್ನ ಯಾರ್ಕ್ ಪೆಪರ್‌ಮಿಂಟ್ ಪ್ಯಾಟಿಗೆ ಹತ್ತಿರ ಎಂಬುವು ಉಳಿದ ತಕರಾರುಗಳು. 2015ರ ಜನವರಿಯಲ್ಲಿ ರಾಜಿಯಾಗಿ, ಆ ಸಂಸ್ಥೆ ಇವನ್ನೆಲ್ಲ ತರಿಸುವುದನ್ನು ನಿಲ್ಲಿಸಲು ಒಪ್ಪಿತು. ಸುದ್ದಿ ಹಬ್ಬಿದ್ದೇ ತಡ, ಗ್ರೀನಿಚ್ ವಿಲೇಜಿನ ಅಂಗಡಿಗಳಲ್ಲಿ ಜನ ಸಿಕ್ಕಷ್ಟನ್ನು ಬಾಚಿಕೊಳ್ಳತೊಡಗಿದರು. ಹರ್ಷೀ ಸರಕನ್ನು ಬಹಿಷ್ಕರಿಸಿ ಎಂಬ ಕರೆ ಎದ್ದಿತು, ಸಹಿ ಸಂಗ್ರಹ ನಡೆಯಿತು. ಇದರಲ್ಲಿ ಮುಂದೆ ನಿಂತವರಲ್ಲಿ ನಿಕಿ ಪೆರಿ ಒಬ್ಬರು.

ಗಿರಾಕಿ ಮೋಸಹೋಗದಿರಲೆಂದು ವ್ಯಾಪಾರ ಮುದ್ರೆಯ ಕಾನೂನು ಇದೆ. ಹಡ್ಸನ್ ರಸ್ತೆಯಲ್ಲಾಗಲಿ ಗ್ರೀನಿಚ್ ಅವೆನ್ಯೂದಲ್ಲಾಗಲಿ ಮೋಸಹೋದವರು ಯಾರೂ ಇರಲಿಲ್ಲ. ಬ್ರಿಟನ್ನಿನದ್ದೇ ಬೇಕು ಎಂದು ಹೆಚ್ಚು ದುಡ್ಡು ಕೊಟ್ಟು, ಬಲ್ಲವರೇ ಬಂದು ಕೊಳ್ಳುತ್ತಿದ್ದರು. ಅಷ್ಟು ಚಿಕ್ಕ ವ್ಯಾಪಾರವನ್ನು ಅದರ ಪಾಡಿಗೆ ಬಿಡಬಹುದಿತ್ತು ಎಂದೇ ನಾನು ಭಾವಿಸುತ್ತೇನೆ.

ಮಾರ್ಮೈಟ್ ಮತ್ತು ಮುಂಬೈಯ ಗರ್ಭಿಣಿಯರು

ಈ ಕಪಾಟಿನಲ್ಲಿ ನಾನು ಅತಿ ಗೌರವದಿಂದ ನೋಡುವುದು ಮಾರ್ಮೈಟ್ ಸೀಸೆಯನ್ನು. ಬಿಯರ್ ತಯಾರಿಸುವಾಗ ಪೀಪಾಯಿಯ ತಳದಲ್ಲಿ ಉಳಿಯುವ ಯೀಸ್ಟಿನಿಂದ ಮಾಡಿದ, ಡಾಂಬರಿನ ಬಣ್ಣದ, ಉಪ್ಪುಪ್ಪು ಲೇಹ್ಯ ಅದು. 1902ರಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಎಂಬ ಬಿಯರ್ ಊರಿನಲ್ಲಿ ಕಂಪನಿ ಹುಟ್ಟಿತು. ಬ್ರೆಡ್ಡಿಗೆ ಬೆಣ್ಣೆ ಸವರಿ, ಅದರ ಮೇಲೆ ಎಳ್ಳಷ್ಟು ಇದನ್ನು ಸವರುತ್ತಾರೆ. ಚಿಕ್ಕಂದಿನಲ್ಲಿ ತಿಂದವರಿಗೆ ಬಿಡಲಾಗದು, ತಿನ್ನದವರಿಗೆ ಮುಟ್ಟಲಾಗದು.

ನನ್ನ ಗೌರವಕ್ಕೆ ಕಾರಣ ಬೇರೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಪ್ರಾಣಕ್ಕೇ ಎರವಾಗುವಂಥ ರಕ್ತಹೀನತೆ ಕಾಣಿಸುತ್ತಿತ್ತು. ಆಕೆ ಅವರ ಊಟವನ್ನು ಪರಿಶೀಲಿಸಿದರು, ಕೂನೂರಿನ ಪಾಸ್ತರ್ ಸಂಸ್ಥೆಯಲ್ಲೂ ಮುಂಬೈಯ ಹಾಫ್‌ಕಿನ್ ಸಂಸ್ಥೆಯಲ್ಲೂ ಪ್ರಯೋಗ ನಡೆಸಿದರು. ಅಗ್ಗದ ಮಾರ್ಮೈಟನ್ನು ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವಿಗೆ ಹಲವು ವರ್ಷ ವಿಲ್ಸ್ ಅಂಶ ಎಂದೇ ಹೆಸರಿತ್ತು. ಅದು ಫೋಲಿಕ್ ಆಮ್ಲ ಎಂದು ಆಮೇಲೆ ತಿಳಿಯಿತು. ಅದನ್ನು 1940ರ ದಶಕದ ನಡುವೆ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ ತಂಡದ ನಾಯಕ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆತ ಕೆಲಸ ಮಾಡುತ್ತಿದ್ದ ಲೆಡರ್ಲಿ ಪ್ರಯೋಗಾಲಯ ಇದ್ದದ್ದು ನ್ಯೂಯಾರ್ಕ್ ನಗರದ ಉತ್ತರಕ್ಕೆ, ಪರ್ಲ್ ರಿವರ್‌ನಲ್ಲಿ. ಇಂದು ನಮ್ಮ ಹಳ್ಳಿಗಳಲ್ಲಿ ಆಶಾ ಕಾ‍ರ್ಯಕರ್ತೆಯರು ಗರ್ಭಿಣಿಯರ ಕೈಗಿಡುವ ಕಬ್ಬಿಣದ ಮಾತ್ರೆಯಲ್ಲಿ ಆ ಫೋಲಿಕ್ ಆಮ್ಲ ಇದೆ.

ಪಟೇಲರ ಅಂಗಡಿಯಲ್ಲಿ ಹಾರ್ಲಿಕ್ಸ್

ಇಂಗ್ಲಿಷ್ ಅಂಗಡಿ ಎಲ್ಲ ಊರುಗಳಲ್ಲಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಬ್ರಿಟಿಷ್ ಸಾಮಾನಿಗೆ ಒಂದೆರಡು ಅಡಿ ಜಾಗ ಬಿಟ್ಟಿರುತ್ತಾರೆ. ಅದೂ ಸಾಲದಾದಾಗ ಬ್ರಿಟನ್ನಿನವರು ಹೋಗುವುದು ಭಾರತೀಯರ ದಿನಸಿ ಅಂಗಡಿಗೆ. 1965ರ ವಲಸೆ ಕಾನೂನು ನಮ್ಮವರಿಗೆ ಬಾಗಿಲು ತೆರೆದ ಮೇಲೆ ಈ ಅಂಗಡಿಗಳು ಬೆಳೆದವು. ಪಟೇಲ್ ಬ್ರದರ್ಸ್ 1974ರಲ್ಲಿ ಷಿಕಾಗೋದ ಡೆವನ್ ಅವೆನ್ಯೂದಲ್ಲಿ ಶುರುವಾಗಿ, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ನ್ಯೂಜೆರ್ಸಿಯ ಎಡಿಸನ್ ಕಡೆಗೆಲ್ಲ ಹರಡಿತು. ತೊಗರಿಬೇಳೆಗೂ ಬ್ಯಾಡಗಿ ಮೆಣಸಿನಕಾಯಿಗೂ ಎಂಟಿಆರ್ ಪೊಟ್ಟಣಕ್ಕೂ ಹೋದ ಕನ್ನಡದ ಗೃಹಿಣಿ ಅಲ್ಲಿಯೇ ಕಸ್ಟರ್ಡ್ ಪುಡಿ, ಮಾರಿ ಬಿಸ್ಕತ್ತುಗಳನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬಾತ ಮೊಟ್ಟೆ ಒಗ್ಗದ ಹೆಂಡತಿಗೆಂದು 1837ರಲ್ಲಿ ಮಾಡಿದ್ದು ಈ ಕಸ್ಟರ್ಡ್ ಪುಡಿ. ಮೊಟ್ಟೆ ಇಲ್ಲದ್ದೆಂದೇ ಅದು ನಮ್ಮ ಮದುವೆಮನೆಯ ಫ್ರೂಟ್ ಸಲಾಡಿಗೂ ಬಂತು. ಮಾರಿ ಬಿಸ್ಕತ್ತನ್ನು ಲಂಡನ್ನಿನ ಪೀಕ್ ಫ್ರೀನ್ ಕಂಪನಿ 1874ರಲ್ಲಿ ಮಾಡಿತು. ಒಂದು ಕಾಲಕ್ಕೆ ಅದೇ ಪೀಕ್ ಫ್ರೀನ್‌ನ ಹಿಡಿತದಲ್ಲಿದ್ದ ಬ್ರಿಟಾನಿಯಾ ಇವತ್ತು ನಮ್ಮ ಬೆಂಗಳೂರಿನಿಂದ ನಡೆಯುತ್ತಿದೆ.

2025ರಲ್ಲಿ ಎರಡೂ ಬಗೆಯ ಅಂಗಡಿಗಳಿಗೆ ಹೊಸ ಕಷ್ಟ ಬಂತು. ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸರಕಿನ ಮೇಲೆ 10% ಸುಂಕ ಬಿತ್ತು. ಭಾರತದ ಸರಕಿನ ಮೇಲೆ ಆ ವರ್ಷವೇ ಅದಕ್ಕಿಂತ ಬಹಳ ಹೆಚ್ಚು. ಆಗಸ್ಟ್ 29ರಿಂದ, 800 ಡಾಲರಿಗಿಂತ ಕಡಿಮೆ ಬೆಲೆಯ ಪಾರ್ಸೆಲ್ಲುಗಳಿಗಿದ್ದ ಸುಂಕ ವಿನಾಯಿತಿಯೂ ಹೋಯಿತು. ಲಂಡನ್ನಿನಿಂದ ನೇರವಾಗಿ ಬಿಸ್ಕತ್ತು ತರಿಸಿಕೊಳ್ಳುತ್ತಿದ್ದವರು ಮತ್ತೆ ಹತ್ತಿರದ ಅಂಗಡಿಯ ಬಾಗಿಲಿಗೇ ಬರಬೇಕಾಯಿತು.

ಪಟೇಲರ ಅಂಗಡಿಯಲ್ಲಿ ಬ್ರಿಟನ್ನಿನವರೂ ಕನ್ನಡಿಗರೂ ಒಟ್ಟಿಗೆ ಕೈಚಾಚುವ ಒಂದು ಸೀಸೆ ಉಂಟು, ಹಾರ್ಲಿಕ್ಸ್. ಅವರಿಗೆ ಅದು ಮಲಗುವ ಮುಂಚಿನ ಬಿಸಿ ಪಾನೀಯ. ನಮಗೆ ಜ್ವರ ಬಿಟ್ಟ ಮೇಲೆ ಅಜ್ಜಿ ಕಲಸಿಕೊಟ್ಟದ್ದು, ಆಸ್ಪತ್ರೆಗೆ ನೋಡಲು ಹೋಗುವಾಗ ಒಯ್ಯುವುದು, ಪರೀಕ್ಷೆಯ ದಿನಗಳಲ್ಲಿ ಅಮ್ಮ ಕುಡಿಸುತ್ತಿದ್ದುದು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಿಂದ ವಲಸೆ ಬಂದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಅಣ್ಣ ತಮ್ಮಂದಿರು 1873ರಲ್ಲಿ ಷಿಕಾಗೋದಲ್ಲಿ ಕಂಪನಿ ಕಟ್ಟಿ, ಬೇಗನೆ ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಊರಿಗೆ ಹೋಗಿ, ಮೊಳೆತ ಬಾರ್ಲಿ, ಗೋಧಿ, ಹಾಲು ಸೇರಿಸಿ ಒಣಗಿಸಿದ ಪುಡಿಯನ್ನು ಮಾಡಿದರು. ಅಣ್ಣ ಲಂಡನ್ನಿಗೆ ಮರಳಿ, ಸ್ಲೌ ಎಂಬಲ್ಲಿ ಕಾರ್ಖಾನೆ ಹಾಕಿದ. ಅಲ್ಲಿಂದ ಅದು ಭಾರತಕ್ಕೆ ಬಂತು. ತಮ್ಮ ರಸೀನ್‌ನಲ್ಲಿಯೇ ಉಳಿದ. ಆ ಊರಿನ ಒಂದು ಹೈಸ್ಕೂಲಿಗೂ ಒಂದು ಕ್ರೀಡಾಂಗಣಕ್ಕೂ ಅವನ ಮನೆತನದ ಹೆಸರಿದೆ. ಹಾರ್ಲಿಕ್ಸ್ ಪುಡಿ ಬೇಕಾದ ರಸೀನ್‌ನವರು ಮಾತ್ರ ಈಗ ಭಾರತೀಯರ ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡು ಹೋಗಬೇಕು.